ದುಂಡವ್ವನಿಗೆ ಬೇಕಾದ ಹೆಣ

ಹುಟ್ಟು, ಮದುವೆ, ದುಡಿಮೆ, ಸಾವು. ಯಾವ ಓಣಿಯ ಮನುಷ್ಯನಿಗೂ ಇರುವುದು ಈ ನಾಲ್ಕೇ. ನಾಲ್ಕರ ಹಾಡನ್ನೂ ಎಲ್ಲರನ್ನೂ ಕೂಡಿಸಿ ಹಾಡಿಸಿದರೆ ಊರು ಒಂದಾಗುತ್ತದೆ ಎಂದು ದೇವಿಕೊಪ್ಪದ ಶಾಲೆಯ ಶಿಕ್ಷಕಿ ದ್ವಾರಕಾಬಾಯಿ ಎಪ್ಪತ್ನಾಲ್ಕನೇ ಇಸವಿಯಲ್ಲಿ ಗಟ್ಟಿಯಾಗಿ ನಂಬಿದ್ದರು. ತಿಂಗಳ ತಾಲೀಮು ಆ ನಂಬಿಕೆಯನ್ನು ಚೆನ್ನಾಗಿ ಕುಟ್ಟಿತು. ಊರು ಒಂದಾಗುವುದಿರಲಿ, ಮೇಳದ ಇಪ್ಪತ್ತೆರಡು ಜನ ಒಂದೇ ಸಲ ಬಾಯಿ ತೆರೆಯುವುದನ್ನೂ ಕಲಿಯಲಿಲ್ಲ. ಹಾರ್ಮೋನಿಯಂ ನುಡಿಸುತ್ತಿದ್ದ ದಾವೂದಸಾಬ ನಾಟಕ ಕಂಪನಿಯಲ್ಲಿ ಪಳಗಿದವನು. ತೊಟ್ಟಿಲ ಪದಕ್ಕೂ ಯುದ್ಧದ ಸೀನಿನ ಸ್ವರವನ್ನೇ ಬಾರಿಸುತ್ತಿದ್ದ.

"ಕೂಸು ಮಲಗಬೇಕೋ, ಎದ್ದು ಕತ್ತಿ ಹಿಡೀಬೇಕೋ, ದಾವೂದಸಾಬ?"

"ಎದ್ದಿದ್ರ ಅಲ್ರಿ ಅಕ್ಕೋರ, ಮಲಗಸೂದು?"

ಅದಕ್ಕಿಂತ ದೊಡ್ಡ ತೊಡಕು ದುಂಡವ್ವನದು. ಸುತ್ತಲಿನ ಹಳ್ಳಿಗಳಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಕೂತು ಹಾಡಿಕೊಂಡು ಅಳಲು ಅವಳೇ ಬೇಕು. ಅವಳು ಅತ್ತರೆ ಸತ್ತವನ ವೈರಿಯೂ ಮೂಗು ಒರೆಸಿಕೊಳ್ಳುತ್ತಿದ್ದ. ತಾಲೀಮಿನಲ್ಲಿ ಮಾತ್ರ ಅವಳ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ.

"ಹೆಣಾ ಇಲ್ಲದ ಹೆಂಗ ಅಳೂದ್ರಿ?"

"ಇದ್ದಂಗ ತಿಳ್ಕೊ, ದುಂಡವ್ವಾ."

"ಗಂಡ ಇದ್ದಂಗ ತಿಳ್ಕೊಂಡ್ರ ಬಸರಾಗ್ತಾರೇನ್ರಿ?"

ಮದುವೆಯಾಗದ ದ್ವಾರಕಾಬಾಯಿ ಬೀಸುವ ಪದದ ಕಡೆ ತಿರುಗಿದರು.

ಶನಿವಾರ ಮಧ್ಯಾಹ್ನ ಶಾಲೆಯ ಅಂಗಳ ಕಿಕ್ಕಿರಿದಿತ್ತು. ಮುಖ್ಯ ಅತಿಥಿ, ನಿವೃತ್ತ ಮಾಮಲೇದಾರ ಏಕನಾಥರಾಯರು ಶಿಸ್ತಿನ ಮೇಲೆ ಮುಕ್ಕಾಲು ತಾಸು ಮಾತಾಡಿ ವೇದಿಕೆಯ ಆರಾಮಕುರ್ಚಿಯಲ್ಲಿ ಒರಗಿದರು. ತೊಟ್ಟಿಲ ಪದ ಮುಗಿಯುವಷ್ಟರಲ್ಲಿ ಗಾಢ ನಿದ್ದೆ. ಆ ಪದ ನಾಟಿದ್ದು ಅವರೊಬ್ಬರಿಗೇ. ಮದುವೆಯ ಪದದಲ್ಲಿ ಬೀಗರನ್ನು ಬೈಯುವ ಸಾಲು ಬಂದಾಗ ಜನ ಎದ್ದು ತಮ್ಮವೂ ನಾಲ್ಕು ಬೈಗುಳ ಸೇರಿಸಿದರು. ಬೀಸುವ ಪದ ನಡುವೆಯೇ ಮುರಿದುಬಿತ್ತು. ಆಮೇಲೆ ಸಾವಿನ ಸರದಿ.

ದುಂಡವ್ವ ಎದ್ದು ಸುತ್ತ ನೋಡಿದಳು. ಬಾಯಿ ತೆರೆದು, ಕೈ ಜೋಲುಬಿಟ್ಟು, ಕೊರಳಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಬಿದ್ದಿದ್ದ ರಾಯರ ಮೇಲೆ ಅವಳ ಕಣ್ಣು ನಿಂತಿತು.

"ಬ್ಯಾಡ!" ಎಂದು ದ್ವಾರಕಾಬಾಯಿ ಪಿಸುಗುಟ್ಟುವುದರೊಳಗೆ ಅವಳು ರಾಯರ ಕಾಲ ಬಳಿ ಕೂತು ಎದೆ ಬಡಿದುಕೊಂಡಾಗಿತ್ತು.

"ಎದ್ದು ಮಾತಾಡೊ ನನ್ನಪ್ಪಾ, ಎಲ್ಲಿಗೆ ಹೊಂಟ್ಯೋ ನನ್ನಪ್ಪಾ,
ಉಪ್ಪಿಟ್ಟಿನ ತಾಟ ಅಂಗಳಕ್ಕ ಒಗದವನ ನನ್ನಪ್ಪಾ..."

ಅವಳ ತಂಗಿ ರಾಯರ ಮನೆಯಲ್ಲಿ ಬಾಂಡೆ ತಿಕ್ಕುತ್ತಿದ್ದಳು. ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದುಂಡವ್ವ ಯಾರನ್ನೂ ಲೆಕ್ಕಿಸಲಿಲ್ಲ.

"ಕೆರಿ ಒಡದ ದಿನಾ ನೀರಾಗ ನಿಂತವನ ನನ್ನಪ್ಪಾ,
ಯಾರ ಕೂಸೋ ಏನೋ ಹೆಗಲಿಗೆ ಹೊತ್ತವನ ನನ್ನಪ್ಪಾ..."

ನಗು ಒಮ್ಮೆಲೇ ಕಡಿಯಿತು. ಕೆರೆ ಒಡೆದಿದ್ದ ತಂಬೂರು ಹಳ್ಳಿಯ ಮುದುಕಿಯೊಬ್ಬಳು ಸೆರಗಿಗೆ ಮುಖ ಒತ್ತಿದಳು. ಆ ದಿನದ ಮಾತನ್ನು ರಾಯರು ತಮ್ಮ ಉದ್ದನೆಯ ಭಾಷಣದಲ್ಲಿ ಎತ್ತಿರಲೇ ಇಲ್ಲ. ದಾವೂದಸಾಬ ಒಂದೇ ಸ್ವರ ಹಿಡಿದು ಸಣ್ಣಗೆ ಎಳೆದ. ಮೇಳ ಯಾರ ಸನ್ನೆಗೂ ಕಾಯದೆ, ಒಂದೇ ಉಸಿರಿನಲ್ಲಿ 'ನನ್ನಪ್ಪಾ' ಎಂದಿತು. ದ್ವಾರಕಾಬಾಯಿಗೆ ತಮ್ಮ ತೀರಿಹೋದ ತಂದೆ ನೆನಪಾದರು; ಅವರೂ ಮೇಳಕ್ಕೆ ದನಿಗೂಡಿಸಿದರು.

ರಾಯರು ಬೆಚ್ಚಿ ಕಣ್ಣು ತೆರೆದರು. "ಯಾರು ಹೋದ್ರು?"

"ನೀವ!" ಮುಂದಿನ ಸಾಲಿನಿಂದ ಅವರ ಹೆಂಡತಿ ತುಳಸಾಬಾಯಿ ಕಣ್ಣೊರೆಸಿಕೊಳ್ಳುತ್ತ ಕೂಗಿದರು.

ಕ್ಷಮೆ ಕೇಳಲು ಓಡಿಬಂದ ದ್ವಾರಕಾಬಾಯಿಯನ್ನು ರಾಯರು ಕೈಯೆತ್ತಿ ತಡೆದರು. "ಸುಮ್ನಿರ್ರಿ. ಪೂರಾ ಹಾಡ್ಲಿ." ಕೊನೆಯ ಸೊಲ್ಲಿನವರೆಗೂ ತಲೆ ತಗ್ಗಿಸಿ ಕೇಳಿದರು. ಎದ್ದು ಗಂಟಲು ಸರಿಮಾಡಿಕೊಂಡರು. "ಉಪ್ಪಿಟ್ಟ ಒಗದದ್ದು ಖರೆ. ಆದರ ಅದಕ್ಕ ಉಪ್ಪ ಹಾಕಿದ್ದಿಲ್ಲ."

"ಹಾಕಿದ್ದೆ! ಎರಡ ಸರತೆ ಹಾಕಿದ್ದೆ!" ತುಳಸಾಬಾಯಿ ಎದ್ದು ನಿಂತರು.

ಅಂಗಳ ಕೂಡಲೇ ಎರಡು ಪಾಳೆಯವಾಯಿತು. ವಂದನಾರ್ಪಣೆ ಯಾರಿಗೂ ಕೇಳಿಸಲಿಲ್ಲ. ದ್ವಾರಕಾಬಾಯಿ ವೇದಿಕೆಯ ಅಂಚಿಗೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದಲ್ಲಿ ದುಂಡವ್ವ ಮಾತ್ರ ಮುಖ ಸಿಂಡರಿಸಿದ್ದಳು.

"ಮೂವತ್ತ ವರ್ಷಾ ಅತ್ತೀನ್ರಿ ಅಕ್ಕೋರ. ಒಂದ ಹೆಣಾನೂ ಹಿಂಗ ಎದ್ದು ಜಗಳಾ ತಗದಿದ್ದಿಲ್ಲ."