ಕುಂಬಳದ ಬಳ್ಳಿಯೂ ಸೊಸೆಯ ಮಡಿಲೂ

ಚಿಟ್.

ಊರು ಮಲಗಿದ ಮೇಲೆ ಹಿತ್ತಲಲ್ಲಿ ಕೇಳಿಸಿದ್ದು ಅಷ್ಟೇ. ಚಿಕ್ಕಮುನಿಯಮ್ಮ ತನ್ನ ಸಿಹಿಗುಂಬಳದ ಬಳ್ಳಿಯಿಂದ ಮೊಗ್ಗೊಂದನ್ನು ಚಿವುಟಿದ್ದಳು. ಬುಡದಲ್ಲಿ ಹೀಚಿಲ್ಲದ ಮೊಗ್ಗುಗಳನ್ನೆಲ್ಲ ಅವಳು ಹೀಗೆ ಕದ್ದು ಕೀಳುತ್ತಿದ್ದಳು; ಬೆಳಗ್ಗೆ ಅರಳಿದರೆ ಅತ್ತೆ ಪೆದ್ದಮ್ಮ "ಗೊಡ್ಡು ಹೂ" ಎನ್ನುತ್ತಿದ್ದರು. ಹೀಚಿದ್ದ ಹೂಗಳಿಗೆ ಹರಕು ಬಟ್ಟೆ ಸುತ್ತುತ್ತಿದ್ದಳು, ಪಕ್ಕದ ಮನೆ ಪಾಪಕ್ಕನ ಕಣ್ಣು ಬೀಳದಿರಲೆಂದು. ಆದರೂ ಹೀಚು ಹಳದಿಯಾಗಿ ಉದುರುತ್ತಿತ್ತು.

ಪೆದ್ದಮ್ಮನದೊಂದು ನಂಬಿಕೆ: ಸೊಸೆ ಊರಿದ ಬೀಜ ಕಾಯಿ ಕಚ್ಚಿದರೆ ಅವಳ ಮಡಿಲೂ ತುಂಬುತ್ತದೆ. ಕಚ್ಚದಿದ್ದರೆ, ಸಂಕ್ರಾಂತಿ ಕಳೆದ ಮೇಲೆ ಮಗ ಬಚ್ಚಪ್ಪನಿಗೆ ಇನ್ನೊಂದು ಹೆಣ್ಣು.

ಪಾಪಕ್ಕನ ಬಳ್ಳಿಯಲ್ಲೋ ಬೇಲಿ ಬಾಗುವಷ್ಟು ಕಾಯಿ. ಅವಳಿಗೆ ಮೂರನೆಯ ಬಸಿರು ಬೇರೆ. ಅವಳು ಕೆಮ್ಮಿದರೂ ಚಿಕ್ಕಮುನಿಯಮ್ಮನಿಗೆ ಅದು ಸೊಕ್ಕಿನ ಕೆಮ್ಮು ಎನಿಸುತ್ತಿತ್ತು.

ಬೂದಿಕೋಟೆಯಿಂದ ಗ್ರಾಮಸೇವಿಕೆ ಸರಸ್ವತಮ್ಮ ಬಂದವರು ಬಳ್ಳಿ ನೋಡಿ ನಕ್ಕರು. "ಇದೇನೇ, ಹೂವಿಗೆ ಕುಲಾವಿ ಕಟ್ಟಿದ್ದೀಯ?"

"ದಿಟ್ಟಿ ಆಗ್ತದೆ ಕಣಕ್ಕ," ಎಂದು ಚಿಕ್ಕಮುನಿಯಮ್ಮ ಬೇಲಿಯತ್ತ ನೋಡಿದಳು.

ಬೇಲಿಯಾಚೆ ನಿಂತಿದ್ದ ಪಾಪಕ್ಕ ಬಿಡಲಿಲ್ಲ. "ನನ್ನ ಕಣ್ಣೇನು ಕೊಡಲೀನಾ? ನನ್ನ ಬಳ್ಳೀನೂ ದಿನಾ ನೋಡ್ತೀನಿ, ಅದೇನು ಬಿದ್ದೋಗೈತಾ?"

ಸರಸ್ವತಮ್ಮ ಬಟ್ಟೆ ಬಿಚ್ಚಿದರು. ನೆಲದಲ್ಲಿ ಬಾಡಿದ್ದ ಮೊಗ್ಗುಗಳನ್ನು ತೋರಿಸಿದರು. "ಹೀಚಿರೋದು ಹೆಣ್ಣು ಹೂ. ನೀನು ಕಿತ್ತಿದ್ದು ಗಂಡು ಹೂ. ಒಂದೇ ಬಳ್ಳೀಲಿ ಎರಡೂ ಬಿಡ್ತವೆ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟಿದರೇ ಕಾಯಿ. ಬಳ್ಳಿಗೆ ಕಾಲಿಲ್ಲ, ಜೇನು ಹೊತ್ತು ತರಬೇಕು. ನೀನು ಗಂಡನ್ನು ಕಿತ್ತೆ, ಜೇನಿಗೆ ಬಾಗಿಲು ಹಾಕಿದೆ."

"ಅಂಗಾದ್ರೆ ಮನುಷ್ರಿಗೂ ಜೇನೇ ಬರಬೇಕೇನಮ್ಮ?" ಎಂದರು ಹಿತ್ತಲ ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಪೆದ್ದಮ್ಮ.

"ಇಲ್ಲ ಪೆದ್ದಮ್ಮನೋರೆ. ದನ, ಮೇಕೆ, ಮನುಷ್ಯರಲ್ಲಿ ಗಂಡೇ ಬೇರೆ ಮೈ, ಹೆಣ್ಣೇ ಬೇರೆ ಮೈ. ಇಬ್ಬರದೂ ಕೂಡಿ ತಾಯಿಯ ಒಳಗೆ ಬೆಳೆಯಬೇಕು. ಬಳ್ಳಿಯ ದಾರಿ ಬೇರೆ, ನಮ್ಮದು ಬೇರೆ. ಅದನ್ನು ನೋಡಿ ಸೊಸೆಗೆ ಶಕುನ ಹೇಳೋಕಾಗಲ್ಲ. ಮಕ್ಕಳಾಗದಿದ್ದರೆ ಕಾರಣ ಹೆಂಡತಿಯಲ್ಲೂ ಇರಬಹುದು, ಗಂಡನಲ್ಲೂ. ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿ."

"ನನ್ನ ಮಗನ್ನಾ? ಊರಿಗಾಂ ಚಿನ್ನದ ಗಣೀಲಿ ಬಂಡೆ ಒಡೆಯೋನಮ್ಮ ಅವನು!"

"ಮೇಕೆ ಗಬ್ಬ ಕಟ್ಟದಿದ್ರೆ ಹೋತವನ್ನೂ ಒಂದ್ಸಲ ನೋಡ್ತೀರಲ್ಲ?"

ಪೆದ್ದಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದರು. ಬಾಯಲ್ಲಿದ್ದುದನ್ನು ಬೇಲಿಯ ಬುಡಕ್ಕೆ ಉಗಿದು, "ಓಗಿ ಬರಲಿ ಬಿಡು," ಎಂದರು.

ಪಾಪಕ್ಕ ಬೇಲಿಯ ಮೇಲಿಂದ ಆಗಷ್ಟೇ ಅರಳಿದ ಗಂಡು ಹೂವೊಂದನ್ನು ಚಾಚಿದಳು. "ತಕೋ, ಇವತ್ತು ನೀನೇ ಜೇನಾಗು." ಇದೂ ಅವಳದೇ ಆಗಬೇಕೇ ಎಂದು ಚಿಕ್ಕಮುನಿಯಮ್ಮನಿಗೆ ಉರಿಯಿತು. ಆದರೂ ಇಸಿದುಕೊಂಡು ಹೆಣ್ಣು ಹೂವಿಗೆ ಸವರಿದಳು. ಆ ಹೀಚು ಉದುರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೊರಟರು. ಓದುವ ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಡಿಲಿನ ಚಿಂತೆಯಿದ್ದರೆ ಇಬ್ಬರೂ ಹೋಗಿ. ಬಳ್ಳಿಯನ್ನು ಕೇಳಬೇಡಿ, ವೈದ್ಯರನ್ನು ಕೇಳಿ. ಒಬ್ಬಳನ್ನೇ ದೂರಬೇಡಿ.

ಚಿಕಿತ್ಸೆ ಬೇಕಿದ್ದುದು ಬಚ್ಚಪ್ಪನಿಗೆ. ಗುಣವಾಗುವ ಭರವಸೆಯಿದೆ ಎಂದರು ಡಾಕ್ಟರು. ಬಂಗಾರಪೇಟೆಯ ಆಸ್ಪತ್ರೆಯಿಂದ ಮರಳುವ ಬಸ್ಸಿನಲ್ಲಿ ಅವನು ಔಷಧಿಯ ಚೀಟಿಯನ್ನು ಮಡಚಿ ಮಡಚಿ ಜೇಬಿನ ತಳಕ್ಕೆ ತುರುಕಿದ.

"ಯಾರ್ದಂತೆ ಕೊರತೆ?" ಬಾಗಿಲಲ್ಲೇ ಕೇಳಿದರು ಪೆದ್ದಮ್ಮ. ಬೇಲಿಯಾಚೆ ಪಾಪಕ್ಕನೂ ಕಿವಿಗೊಟ್ಟಿದ್ದಳು.

ಇಷ್ಟು ವರ್ಷದ ಚುಚ್ಚುಮಾತಿಗೆ ಉತ್ತರ ಚಿಕ್ಕಮುನಿಯಮ್ಮನ ನಾಲಿಗೆಯ ತುದಿಗೆ ಬಂತು. ಬಚ್ಚಪ್ಪ ನೆಲ ನೋಡುತ್ತಿದ್ದ.

"ಔಷದಿ ಕೊಟ್ಟವ್ರೆ ಅತ್ತೆ. ಇಬ್ರೂ ಮತ್ತೆ ಬರಬೇಕಂತೆ," ಎಂದಳು. ಔಷಧಿ ಯಾರಿಗೆಂದು ಅತ್ತೆಗಾಗಲಿ, ಪಾಪಕ್ಕನಿಗಾಗಲಿ, ಯಾರಿಗೂ ಹೇಳಬಾರದೆಂದು ನಿರ್ಧರಿಸಿ ಒಳಗೆ ನಡೆದಳು.