ನೀರು ಕುಡಿದ ಬೆಣೆ

ಅದು ಮಂಗೋಲ ದೊರೆ ಇನ್ನೂ ದೊರೆಯಾಗದೆ ಹದಿನಾರರ ಹುಡುಗನಾಗಿದ್ದಾಗಿನ ಸಿನಿಮಾ. ಆ ಹದಿನಾರರ ಪಾತ್ರ ಹಾಕಿದ ಹೀರೋಗೆ ನಲವತ್ತಮೂರು. ಹೊಟ್ಟೆಯನ್ನು ಚರ್ಮದ ಪಟ್ಟಿಯೊಳಗೆ ತುರುಕಿ, ಉಸಿರು ಬಿಗಿಹಿಡಿದು ಡೈಲಾಗ್ ಹೊಡೆಯುತ್ತಿದ್ದ: “ನನ್ನಪ್ಪನನ್ನು ಕೊಂದವರ ವಂಶವನ್ನೇ ಬೇರುಸಹಿತ ಕೀಳುತ್ತೇನೆ!”

ಸೆಟ್ಟಿನ ಬಡಗಿ ಹೆಂಗಸು ಅದನ್ನೇ ಅದೇ ಗೊಗ್ಗರು ದನಿಯಲ್ಲಿ, ಅದೇ ಏದುಸಿರಿನ ಸಮೇತ ಮಾಡಿ ತೋರಿಸಿದರೆ ಮೇಕಪ್ಪಿನಾಕೆ ಬಿದ್ದು ಬಿದ್ದು ನಗುತ್ತಿದ್ದಳು. ನಗಿಸಿದವಳ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

“ಅಪ್ಪನ ಸೇಡು ತೀರಿಸೋಕೆ ಇವನಿಗೆ ಇನ್ನೂರು ಕುದುರೆ ಬೇಕಂತೆ ಕಣೇ,” ಎಂದಳು. “ನಂಗೆ ಒಂದು ಬೆಣೆ ಸಾಕು.”

ಮೂರು ವರ್ಷದ ಹಿಂದೆ, ಬೇರೊಬ್ಬ ರಾಜನ ಸಿನಿಮಾದಲ್ಲಿ, ಅವಳಪ್ಪ ಮಾಡಿದ ಸಿಂಹಾಸನ ಇದೇ ಹೀರೋನ ಭಾರಕ್ಕೆ ಕಾಲು ಮುರಿದುಕೊಂಡಿತ್ತು. ಬಿದ್ದವನು ಎದ್ದು, ನಲವತ್ತು ಜನರ ಮುಂದೆ ಮುದುಕನ ಎಡ ಕಪಾಳಕ್ಕೆ ಬಾರಿಸಿದ. ಆ ಏಟಿಗೆ ಎಡಗಿವಿ ಹೋಯಿತು. ಅಪ್ಪ ಉಳಿ ಕೆಳಗಿಟ್ಟವನು ಮತ್ತೆ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ. ಮುರುಕು ಸಿಂಹಾಸನವನ್ನು ಮಾತ್ರ ಹೊತ್ತು ತಂದು, ಹೊಸ ಕಾಲು ಕೂರಿಸಿ, ಅಂಗಳದ ಮೂಲೆಗೆ ತಳ್ಳಿದ್ದ. ಅವನ ಜಾಗಕ್ಕೆ ಬಂದ ಮಗಳಿಗೆ ಬೇಕಿದ್ದುದು ಒಂದೇ: ಅಷ್ಟೇ ಜನರ ಮುಂದೆ ಹೀರೋನ ಬಾಯಿಂದ ‘ತಪ್ಪಾಯ್ತು’.

ಈ ಸಿನಿಮಾದಲ್ಲಿ ವೈರಿಗಳು ಹುಡುಗನ ಕುತ್ತಿಗೆಗೆ ಮರದ ನೊಗ ಬಿಗಿಯುತ್ತಾರೆ; ಅವನು ನೊಗದ ಸಮೇತ ಓಡಿ ನದಿಯಲ್ಲಿ ಅಡಗುತ್ತಾನೆ. ನೊಗ ಮಾಡುವ ಕೆಲಸ ಅವಳದು. ಎರಡು ಹಲಗೆ, ನಡುವೆ ಕುತ್ತಿಗೆಗೊಂದು ತೂತು, ಕೂಡಿಸಲು ಒಂದು ಬೆಣೆ. ನೀರಿಗಿಳಿಯುವ ಬೆಣೆಗೆ ಮೊದಲು ಎಣ್ಣೆ ಕುಡಿಸಬೇಕು. ಇಲ್ಲದಿದ್ದರೆ ಅದು ನೀರು ಕುಡಿದು ಉಬ್ಬಿ ಕಚ್ಚಿಕೊಳ್ಳುತ್ತದೆ. ಅಪ್ಪ ಕಲಿಸಿದ ಮೊದಲ ಪಾಠ. ಅವಳು ಹಗುರ ಮರದ ಬೆಣೆಯನ್ನು ಎರಡು ವಾರ ಒಲೆಯ ಪಕ್ಕ ಒಣಗಿಸಿದಳು. ಎಣ್ಣೆ ಸೋಕಿಸಲಿಲ್ಲ.

ಸ್ಟುಡಿಯೋದ ತೊಟ್ಟಿಯಲ್ಲಿ ಹೀರೋ ಬೆಳಗಿನಿಂದ ಎಂಟು ಸಲ ಮುಳುಗೆದ್ದ. ಕೊನೆಗೆ ಬಿಚ್ಚಲು ಹೋದರೆ ಬೆಣೆ ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಏಯ್, ತೆಗಿಯಮ್ಮ ಇದನ್ನ!”

“ಸುತ್ತಿಗೆಲಿ ಹೊಡೆದ್ರೆ ಹಲಗೆ ಜೊತೆ ಕತ್ತೂ ತಿರುಗುತ್ತೆ ಸಾರ್. ಕೊಯ್ಯಬೇಕು,” ಎಂದು ಗರಗಸ ಎತ್ತಿಕೊಂಡಳು.

ಅವಳ ಕಣ್ಣು ನೋಡಿದ ಹೀರೋ ಎರಡು ಹೆಜ್ಜೆ ಹಿಂದಕ್ಕೆ ಸರಿದ. “ಇವಳು ಬೇಡ! ಬೇರೆ ಯಾರನ್ನಾದ್ರೂ ಕರೀರಿ!”

“ಅಂಥಾ ಕೈ ಇರೋದು ಒಬ್ರಿಗೇ. ಹಿಂದಿನ ಬೀದೀಲಿ ಮನೆ. ಅವ್ರು ಮಾತ್ರ ಇಲ್ಲಿಗೆ ಬರಲ್ಲ.”

ಯಾರೆಂದು ಎಲ್ಲರಿಗೂ ಗೊತ್ತಿತ್ತು.

ನೊಗ ಕಾರಿನ ಬಾಗಿಲಿಗೆ ಹಿಡಿಸಲಿಲ್ಲ. ಮಂಗೋಲ ವೀರ ನಡುಹಗಲಲ್ಲಿ ನೀರು ತೊಟ್ಟಿಕ್ಕಿಸುತ್ತ ನಡೆದೇ ಹೊರಟ. ಹಿಂದೆ ಇಡೀ ಯೂನಿಟ್ಟು. ಬಡಗಿಯ ಅಂಗಳದ ಗೇಟಿನಲ್ಲಿ ಅಡ್ಡ ತಿರುಗಿ, ತಲೆ ಬಗ್ಗಿಸಿ ನುಸುಳಬೇಕಾಯಿತು. “ಪಾಪ, ಅಡ್ಡದಾರಿ ಹಿಡಿದ,” ಎಂದ ಲೈಟಿನವನು ಮೆಲ್ಲಗೆ.

ಮುದುಕ ಬೆಣೆಯನ್ನು ಸವರಿದ. ಮೂಸಿದ. ಎಣ್ಣೆಯ ವಾಸನೆಯೇ ಇಲ್ಲ. ಕತ್ತೆತ್ತಿ ಮಗಳನ್ನು ನೋಡಿದ. ಕಳ್ಳ ಕೆಲಸ ಎಂದರೆ ಅವನಿಗೆ ಆಗದೆಂದು ಅವಳಿಗೆ ಗೊತ್ತು. ಇಲ್ಲೇ ಬಾಯಿಬಿಟ್ಟರೆ?

ಅವನು ಸ್ಟೂಲು ಎಳೆದುಕೊಂಡು, ಎಡಗಿವಿಯನ್ನು ಹೀರೋನ ಕಡೆಗೆ ತಿರುಗಿಸಿ ಕೂತ.

ಅಪ್ಪ ತನ್ನ ಕಡೆಯೆಂದು ಮಗಳಿಗೆ ತಿಳಿಯಿತು. “ಅವತ್ತು ನೀವು ಹೊಡೆದ ಕಿವಿ ಸಾರ್ ಅದು. ಏನಾದ್ರೂ ಹೇಳೋದಿದ್ರೆ ಮೊದ್ಲು ಹೇಳ್ಬಿಡಿ. ಗರಗಸ ಆಮೇಲೆ.”

ಹೀರೋ ಸುತ್ತ ನೋಡಿದ. ನಲವತ್ತು ಮುಖ. “ತಪ್ಪಾಯ್ತು,” ಎಂದು ಗೊಣಗಿದ.

“ಕೇಳಿಸ್ಲಿಲ್ಲಪ್ಪಾ. ಈ ಕಿವಿ ಸತ್ತಿದೆ.”

“ತಪ್ಪಾಯ್ತು!”

“ಆಂ?”

“ತಪ್ಪಾಯ್ತು ಯಜಮಾನ್ರೇ! ಹೊಡೀಬಾರ್ದಿತ್ತು!” ಗೊಗ್ಗರು ದನಿ ಮಾಯವಾಗಿ ಅವನ ಸ್ವಂತ ಕೀರಲು ದನಿ ಬೀದಿಯ ಕೊನೆಯವರೆಗೂ ಕೇಳಿಸಿತು. ಅಪ್ಪನ ಬಲಗಿವಿ ಮೊದಲ ಸಲವೇ ಕೇಳಿಸಿಕೊಂಡಿತ್ತೆಂಬುದು ಮಗಳಿಗೆ ಮಾತ್ರ ಗೊತ್ತಿತ್ತು.

“ಗರಗಸ ಒಳಗಿಡು ಮಗಳೇ,” ಎಂದ ಮುದುಕ. “ಒಳ್ಳೆ ಬೆಣೆ, ಕೊಯ್ಯೋಕೆ ಮನಸ್ಸು ಬರಲ್ಲ. ಬಿಸಿಲಿಗೆ ಒಣಗಿದ್ರೆ ತಾನೇ ಬಿಡುತ್ತೆ.”

“ಎಷ್ಟು ಹೊತ್ತು?” ಹೀರೋ ಅಳುವುದೊಂದು ಬಾಕಿ.

“ಸಂಜೆ ಆಗ್ಬಹುದು.” ಮುದುಕ ಮೂಲೆಯ ಸಿಂಹಾಸನವನ್ನು ಅಂಗಳದ ನಟ್ಟನಡುವೆ ಎಳೆದು ತಂದು, ಹೆಗಲ ಬಟ್ಟೆಯಿಂದ ಧೂಳು ಒರೆಸಿದ.

“ಕೂತ್ಕೊಳ್ಳಿ ದೊರೆ. ಈ ಸಲ ಮುರಿಯಲ್ಲ.”