ಚಾಮರ ಹಿಡಿದ ಕೈ

ಬಿಳಿ ಕೂದಲಿನ ಮೇಲೆ ಬಿಸಿಲು ಬಿತ್ತು, ಬಿದ್ದದ್ದೇ ಜಾರಿತು, ಚಾಮರ ಮತ್ತೆ ಮೇಲೆದ್ದು ತುದಿಯಲ್ಲಿ ಒಂದು ಗಳಿಗೆ ನಿಂತಿತು, ಎದುರುಮನೆಯ ಮಹಡಿ ಕಿಟಕಿಯಲ್ಲಿ ಇದನ್ನು ನೋಡುವುದು ಇವತ್ತಿಗೆ ಕೊನೆ ಎಂದು ನೀಲಾಂಬಿಕೆಗೆ ಆಗ ಥಟ್ಟನೆ ಅನ್ನಿಸಿತು, ನಾಳೆ ಬೆಳಿಗ್ಗೆ ತಾರಸಿ ಮೆಟ್ಟಿಲಿನ ಈ ತಿರುವಿನಲ್ಲಿ ಬಂದು ನಿಂತರೆ ಬರೀ ಕಿಟಕಿ, ಬರೀ ಸರಳು — ಸರ್ದಾರ್ ಹರಬನ್ಸ್ ಸಿಂಗರು ಮನೆ ಖಾಲಿ ಮಾಡಿ ಹರಿಹರಕ್ಕೆ ಹೋಗುತ್ತಿದ್ದಾರೆ, ಅಲ್ಲಿ ಕಾರ್ಖಾನೆ ರಸ್ತೆಯಲ್ಲಿ ಮಗ ಲಾರಿ ಸಾಮಾನಿನ ಅಂಗಡಿ ಇಟ್ಟಿದ್ದಾನೆ, ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ಅವರ ಧರ್ಮದ ಗ್ರಂಥಕ್ಕೊಂದು ಕೋಣೆ, ಗ್ರಂಥದ ಮೇಲೆ ಯಾರ ಕಾಲೂ ಓಡಾಡಬಾರದು ಎಂದು ಅದು ಎಲ್ಲಕ್ಕಿಂತ ಮೇಲೆ, ಇಲ್ಲಿ ಕೆ.ಬಿ. ಬಡಾವಣೆಗೆ ಬಂದಾಗಲೂ ಹಾಗೇ, ಸಾಮಾನು ಇಳಿಸುವ ಮೊದಲು ಮಹಡಿಯ ಕೋಣೆ ಯಾವುದು ತೋರ್ಸ್ರಿ ಎಂದು ಮನೆ ತೋರಿಸಲು ಹೋಗಿದ್ದ ಅವಳ ಅಪ್ಪ ಶಿವಯೋಗಪ್ಪನವರನ್ನು ಕೇಳಿದ್ದರು, ಅಪ್ಪ ಅರಳೆ ಮಂಡಿಯಿಂದ ಬಂದು ಅಜ್ಜಿಗೆ ಹೇಳಿದ್ದರು, ಬಾಡಿಗೆ ಎಷ್ಟು ಅಂತ ಆಮೇಲೆ ಕೇಳಿದ್ರವ್ವ, ಮೊದಲು ಪುಸ್ತಕಕ್ಕ ಜಾಗ ನೋಡಿದ್ರು. ಅಜ್ಜಿ ಸರ್ವಮಂಗಳಮ್ಮ ಒಂದು ದಿನ ತಾನೇ ಹೋಗಿ ನೋಡಿ ಬಂದಿದ್ದಳು, ಗಾದಿ, ದಿಂಬು, ಜರಿಯ ಹೊದಿಕೆ, ಮೇಲೆ ನಾಲ್ಕು ಮೂಲೆಗೆ ಕಟ್ಟಿದ ರೇಷ್ಮೆಯ ಮೇಲ್ಕಟ್ಟು, ನಮಗ ಸೊಳ್ಳೆ ಪರದೆ ಕೊಡಿಸಪ್ಪ ಅಂದ್ರೆ ಕೊಡಸಲ್ಲ, ಅವರ ಪುಸ್ತಕಕ್ಕ ರೇಷ್ಮೇದು ಐತೆ ನೋಡು ಎಂದು ಮಗನನ್ನು ಚುಚ್ಚಿದ್ದಳು. ಅದು ಪರದೆ ಅಲ್ಲಜ್ಜಿ, ರಾಜರ ಛತ್ರ ಇದ್ದಂಗೆ ಎಂದು ನೀಲಾ ಹೇಳಬೇಕೆಂದುಕೊಂಡಳು, ಹೇಳಲಿಲ್ಲ, ಹೇಳಬೇಕೆಂದುಕೊಂಡು ಹೇಳದೆ ಬಿಟ್ಟ ಮಾತುಗಳಲ್ಲೇ ಬಿ.ಎ. ಮುಗಿದು ಹೋಯಿತಲ್ಲ, ಹಾಜರಿ ಕರೆದಾಗ ಎಸ್ ಸರ್ ಎನ್ನುವಷ್ಟರಲ್ಲಿ ಮುಂದಿನ ಹೆಸರು ಬಂದಿರುತ್ತಿತ್ತು, ಹುಡುಗರು ತಿರುಗಿ ನೋಡುತ್ತಿದ್ದರು, ಇನ್ನು ಸರ್ದಾರರ ಹೆಂಡತಿ ಬೀಜಿಯ ಮುಂದೆ ಹೋಗಿ ಆ ಒಂದು ಮಾತನ್ನು ಕೇಳುವುದು ಹೇಗೆ, ಒಂದು ಸಲ, ಒಂದೇ ಸಲ ಆ ಚಾಮರ ನನ್ನ ಕೈಗೆ ಕೊಡ್ತೀರಾ — ಇಷ್ಟೇ, ಇಷ್ಟು ಕೇಳಲಾರದೆ ಎಷ್ಟು ಬೆಳಗುಗಳು ಕಳೆದವು, ಇವತ್ತು ಕೇಳದಿದ್ದರೆ ಇನ್ನೆಂದು.

ಕೇಳಬಹುದಿತ್ತು, ಆ ಮಹಾನವಮಿ ಒಂದು ಆಗದಿದ್ದರೆ. ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ, ಕಿವಿಯ ಬಿಸಿಯ ಜೊತೆಗೇ ನಗುವೂ ಬರುತ್ತದೆ, ಅವತ್ತು ಮನೆಯಲ್ಲಿ ಪುಸ್ತಕ ಪೂಜೆ, ಅವಳ ಪಠ್ಯಗಳು, ಅಪ್ಪನ ಲೆಕ್ಕದ ವಹಿಗಳು, ಅಜ್ಜಿಯ ವಚನದ ಕಟ್ಟು ಎಲ್ಲವೂ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು, ಓದುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಕಾಲಿಗೆ ಪುಸ್ತಕ ತಗುಲಿದರೆ ಕಣ್ಣಿಗೆ ಒತ್ತಿಕೊಳ್ಳುವ ಹುಡುಗಿ ಅವಳು, ಎದುರುಮನೆಯ ಅಷ್ಟು ದೊಡ್ಡ ಪುಸ್ತಕಕ್ಕೆ ಪೂಜೆ ಇಲ್ಲದಿದ್ದರೆ ಹೇಗೆ ಎಂದು ತಾನೇ ತಟ್ಟೆ ಹಿಡಿದು ಹೋದಳು, ಕುಂಕುಮ, ವಿಭೂತಿ, ಒಂದು ದಾಸವಾಳ, ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದು ಗೊತ್ತಿತ್ತು, ಚಪ್ಪಲಿ ಕೆಳಗೆ ಬಿಡುವುದು ಗೊತ್ತಿತ್ತು, ಕೈಕಾಲು ತೊಳೆದದ್ದೂ ಆಯಿತು, ಮೆಟ್ಟಿಲು ಹತ್ತಿದರೆ ಮೇಲೆ ಗ್ರಂಥ ತೆರೆದಿದೆ, ಸರ್ದಾರರು ರಾಗವಾಗಿ ಓದುತ್ತಿದ್ದಾರೆ, ಬೀಜಿ ಹಿಂದೆ ಕೂತು ಚಾಮರ ಬೀಸುತ್ತಿದ್ದಾರೆ, ಅವಳ ಬಾಯಿಂದ ಮಾತು ಬಿದ್ದೇ ಹೋಯಿತು, ಅಯ್ಯೋ, ಇವತ್ತು ಹಬ್ಬ, ಪುಸ್ತಕ ಓದಬಾರದು! ಬೆರಳ ತುದಿಯಲ್ಲಿ ಕುಂಕುಮ, ಬೆರಳು ಜರಿಯ ಅಂಚಿನ ತನಕ ಹೋಗಿತ್ತು, ಬೀಜಿ ಮೆಲ್ಲಗೆ ಆ ಬೆರಳನ್ನು ಹಿಡಿದುಕೊಂಡರು, ಬ್ಯಾಡ ಬೇಟಿ, ಹಚ್ಚಂಗಿಲ್ಲ, ಸರ್ದಾರರು ಓದುತ್ತಿದ್ದ ಸಾಲು ಮುಗಿಸಿ, ಕಣ್ಣು ಮುಚ್ಚಿ ತೆಗೆದು, ಗಡ್ಡದೊಳಗೇ ನಕ್ಕರು, ಹಬ್ಬದ ದಿನ ನಿಮ್ಮ ಪುಸ್ತಕಕ್ಕ ಸೂಟಿ ಐತೇನವ್ವ, ನಮಗ ಇವರು ಪುಸ್ತಕ ಅಲ್ಲ, ಗುರು, ಗುರುವಿಗೆ ಸೂಟಿ ಇಲ್ಲ, ದಿನಾ ಬೆಳಿಗ್ಗೆ ಎಬ್ಬಿಸಬೇಕು, ಅವರು ಏನು ಹೇಳ್ತಾರ ಅಂತ ಕೇಳಬೇಕು, ರಾತ್ರಿ ಮಲಗಿಸಬೇಕು, ಮರ್ಯಾದಿ ಅಂದ್ರೆ ಅದೇ. ದಾಸವಾಳವನ್ನು ಬೀಜಿ ಗಾದಿಯ ಮುಂದಿನ ಹೂದಾನಿಗೆ ಸಿಕ್ಕಿಸಿದರು, ಕಡಾ ಪ್ರಸಾದ ಎಂದು ಬಿಸಿ ಗೋಧಿ ಹಲ್ವ ಕೊಟ್ಟರು, ತುಪ್ಪ ಅಂಗೈಗೆಲ್ಲ ಅಂಟಿತು, ಆದರೂ ನಾಚಿಕೆ ಕರಗಲಿಲ್ಲ, ಅವತ್ತಿನಿಂದ ಅವಳಿಗೆ ಮೆಟ್ಟಿಲ ತಿರುವೇ ಸಾಕಾಯಿತು, ಸರಳುಗಳ ನಡುವೆ ಬಿಳಿಯದು ಏಳುವುದು, ತುದಿಯಲ್ಲಿ ನಿಲ್ಲುವುದು, ಇಳಿಯುವುದು. ಮನೆಗೆ ಬಂದವಳೇ ಮಣೆಯ ಮೇಲಿನ ಕಟ್ಟು ಬಿಚ್ಚಿ ಕುಂಕುಮ ಒರೆಸಿ ಓದಿದ್ದಳು, ಹಬ್ಬದ ದಿನವೇ, ಕದ್ದು, ಅದು ಅಜ್ಜಿಗೆ ಇನ್ನೂ ಗೊತ್ತಿಲ್ಲ — ಅಜ್ಜಿಗೆ ಗೊತ್ತಾದರೆ, ಅಜ್ಜಿ ಅವತ್ತು ತಟ್ಟೆ ನೋಡಿಯೇ ಅಂದಿದ್ದಳಲ್ಲ, ಕೊರಳಾಗ ಲಿಂಗ ಕಟ್ಟಿಗಂಡು ಯಾರ ಮನೀ ದೇವರಿಗೆ ಬಗ್ಗಾಕ ಹೊಂಟೀಯೆ.

ಕೆಳಗೆ ಲಾರಿ ಬಂದು ನಿಂತಿದೆ, ಡ್ರೈವರ್ ಖಾಜಾ ಹುಸೇನ್ ನಸುಕಿನಲ್ಲೇ ತೊಳೆದಿದ್ದಾನೆ, ಇನ್ನೂ ಸಮಾಧಾನವಿಲ್ಲದೆ ಮತ್ತೆ ಒರೆಸುತ್ತಿದ್ದಾನೆ, ಹಿಂದೆ ಬಿಳಿ ಚಾದರ, ಅದರ ಮೇಲೆ ಎತ್ತರದ ಗಾದಿ, ಅವನ ಚಪ್ಪಲಿ ಕಟ್ಟೆಯ ಕೆಳಗಿದೆ, ಬರಿಗಾಲಲ್ಲಿ ಗಾಡಿ ಹೊಡೀತೀಯೇನೋ ಎಂದು ಅಜ್ಜಿ ಕೇಳಿದರೆ ಹಿಂದ ಯಾರು ಕೂಡ್ತಾರ ನೋಡ್ರಿ ಎನ್ನುತ್ತಾನೆ, ಅವಳು ಯಾವಾಗ ಇಳಿದು ಗೇಟಿಗೆ ಬಂದಳು, ಗೊತ್ತಿಲ್ಲ, ಬೀಜಿ ಬಾಗಿಲಿನಿಂದ ನೀರು ಚಿಮುಕಿಸುತ್ತಾ ಬರುತ್ತಿದ್ದಾರೆ, ಧೂಳು ಘಮ್ಮೆಂದಿತು, ಹಿಂದೆ ಸರ್ದಾರರು, ತಲೆಯ ಮೇಲೆ ಜರಿ ಹೊದ್ದ ಗ್ರಂಥ, ಎರಡೂ ಕೈ ಮೇಲೆ, ಒದ್ದೆ ಮಾಡಿದಲ್ಲಿ ಮಾತ್ರ ಬರಿಗಾಲಿಡುತ್ತಾ, ದೇಶ ಇಬ್ಭಾಗವಾದಾಗ ಪಂಜಾಬಿನ ಆಚೆಯ ಊರು ಬಿಟ್ಟು ಬರುವಾಗಲೂ ಹೀಗೇ ಹೊತ್ತಿದ್ದರಂತೆ, ಬೇರೆ ಏನನ್ನೂ ಹೊರಲಾಗಲಿಲ್ಲವಂತೆ, ಬೀದಿಯ ಸೈಕಲ್ಲುಗಳು ತಾವಾಗಿಯೇ ನಿಂತವು, ಅಜ್ಜಿ ಕಟ್ಟೆಯಿಂದ ಎದ್ದು ನಿಂತಳು, ನಮ್ಮ ದೇವರು ಅಂಗೈಯಾಗ, ಇವರದು ತಲೀ ಮ್ಯಾಲ ಎಂದಳು, ತನ್ನಷ್ಟಕ್ಕೇ. ಗ್ರಂಥ ಗಾದಿಯ ಮೇಲೆ ಕೂತಿತು, ಸರ್ದಾರರು ಅದನ್ನು ಹಿಡಿದು ಕೂತರು, ಬೀಜಿ ಹಿಂದೆ ಕೂತು ಚಾಮರ ಎತ್ತಲು ನೋಡಿದರು, ಅದು ಮೇಲೇಳಲಿಲ್ಲ, ಬಲಗೈಯಿಂದ ಎಡಗೈಗೆ ಬಂತು, ಎಡಗೈಯಿಂದ ಬಲಗೈಗೆ, ಮೂರು ದಿನದಿಂದ ಪೆಟ್ಟಿಗೆ ಕಟ್ಟಿದ ಭುಜ, ನೋವಿಗೆ ತುಟಿ ಬಿಗಿದಿವೆ, ಹರಿಹರದವರೆಗೆ ಹೇಗೆ, ಕೇಳು, ಈಗ ಕೇಳು ನೀಲಾ, ಬೀಜಿ, ನಾನು ಬೀಸ್ಲಾ — ಎಂದಳು, ಎಂದಳೇ? ಖಾಜಾ ಇಂಜಿನ್ ಚಾಲೂ ಮಾಡಿದ್ದ, ಮಾತು ಹೊಗೆಯಲ್ಲಿ ಹೋಯಿತು, ಗಾಲಿ ಒಂದು ಮೊಳ ಉರುಳಿತು, ಹೋಯಿತು, ಮುಗಿಯಿತು, ಆಗ ಬೆನ್ನ ಹಿಂದಿನಿಂದ ಅಜ್ಜಿಯ ಗಂಟಲು, ಏಯ್ ಖಾಜಾ, ನಿಲ್ಲಸೋ ಗಾಡೀನ! ನಮ್ಮ ಹುಡುಗಿ ಹುಟ್ಟಿದಾಗಿಂದ ಮೊದಲನೇ ಸಲ ಬಾಯಿ ಬಿಟ್ಟೈತೆ, ಏನಂತ ಕೇಳಾನ! ಇಂಜಿನ್ ನಿಂತಿತು, ಬೀದಿಯೇ ನಿಂತಿತು, ಎಲ್ಲ ಕಣ್ಣುಗಳೂ ಅವಳ ಮೇಲೆ, ಹಾಜರಿ ಕರೆದ ಹಾಗೆ, ಅವಳು ಗಂಟಲು ಸರಿಮಾಡಿಕೊಂಡಳು, ಬೀಜಿ, ನಾನು ಬೀಸ್ತೀನಿ, ಕೊಡ್ರಿ. ಎಷ್ಟು ಜೋರಾಗಿ ಬಂತು! ಬೀಜಿ ಸರ್ದಾರರನ್ನು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ, ತಲೀ ಮುಚ್ಚಿಕೋ, ಕಾಲು ತೊಳೀ, ಬಾ, ಎಷ್ಟು ದಿನಾ ಮೆಟ್ಟಿಲ ತಿರುವಿನಾಗ ನಿಂತಿದ್ದಿ, ನನಗ ಗೊತ್ತಿಲ್ಲೇನು ಎಂದರು, ಅಜ್ಜಿಯೇ ತಂಬಿಗೆಯಿಂದ ಪಾದದ ಮೇಲೆ ನೀರು ಹಾಕಿದಳು, ಅಜ್ಜಿ, ಲಿಂಗ… ಎಂದಳು ನೀಲಾ, ಅಜ್ಜಿ ಸೆರಗನ್ನು ಅವಳ ತಲೆಯ ಮೇಲೆ ಎಳೆದಳು, ಲಿಂಗ ಕೊರಳಾಗ ಐತೆ, ಕೈ ಖಾಲಿ ಅದಾವು, ಬೀಸು ಹೋಗು, ಮಹಾನವಮಿ ದಿನ ನನ್ನ ಕಟ್ಟು ಬಿಚ್ಚಿ ಓದಿದಾಗ ಇಲ್ಲದ ಹೆದರಿಕಿ ಈಗ್ಯಾಕ.

ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು, ಬೀಜಿಗೂ ಗೊತ್ತಿತ್ತು, ಅವಳನ್ನು ಹತ್ತಿಸಿಕೊಂಡು ಗಾಡಿ ಹೊರಟಿತು, ಗಿರಣಿಯ ಚಿಮಣಿ ಹಿಂದೆ ಸರಿಯಿತು, ನೋಡುವವರು ನೋಡಲಿ, ಹತ್ತಿ ಹೊಲ, ಜೋಳದ ಹೊಲ, ಖಾಜಾ ಪ್ರತಿ ಗುಂಡಿಗೂ ಎತ್ತಿನ ಗಾಡಿಗಿಂತ ನಿಧಾನ, ಹಿಡಿಕೆ ತಣ್ಣಗಿತ್ತು, ಈಗ ಬೆಚ್ಚಗಾಗಿದೆ, ತೋಳು ಸಣ್ಣಗೆ ನೋಯುತ್ತಿದೆ, ನೋಯಲಿ, ಈ ನೋವೂ ತನ್ನದೇ, ಬೀಜಿ ಭುಜ ಒತ್ತಿಕೊಳ್ಳುತ್ತಾ ಮೆಲ್ಲಗೆ ಹಾಡುತ್ತಿದ್ದಾರೆ, ಅರ್ಥವಾಗುವುದಿಲ್ಲ, ಕೇಳುತ್ತಿದೆ, ಸರಳುಗಳಿಲ್ಲ, ಕಿಟಕಿ ಇಲ್ಲ, ಬಯಲ ಗಾಳಿಯಲ್ಲಿ ಬಿಳಿಯದು ಮೇಲೇಳುತ್ತದೆ, ಬಿಸಿಲು ಹಿಡಿಯುತ್ತದೆ, ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಇಳಿಸುವುದು ಅವಳ ಕೈ, ಏಳಿಸುವುದು ಅವಳ ಕೈ, ಬಿಳಿಯದು ಏಳುತ್ತದೆ, ನಿಲ್ಲುತ್ತದೆ —